ಬೀಗ ಬಿದ್ದ ನೀರಿನ ಘಟಕ ಮತ್ತು ನಿಮ್ಮ ಹಸಿರು ವರದಿ: ಸಿಮೆಂಟ್ ಕಂಪನಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಮತ್ತು ನಿಮ್ಮ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಸಮಿತಿಯ ಸದಸ್ಯರೇ,

ಶರಣು.

ಕಂಪನಿಯ ಹೆಸರು ಬರೆಯುತ್ತಿಲ್ಲ. ನಿಮಗೆ ಗೊತ್ತು, ನಮ್ಮ ಊರಿಗೂ ಗೊತ್ತು, ಅಷ್ಟು ಸಾಕು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಕಡೆ ಸಿಮೆಂಟ್ ಕಾರ್ಖಾನೆ ಒಂದೆರಡಲ್ಲ. ಬೇರೆ ಕಂಪನಿಯವರು ಇದನ್ನು ಓದಿ ನಮ್ಮ ಬಗ್ಗೆಯೇ ಇರಬೇಕು ಅಂದುಕೊಂಡರೆ ಅದೂ ಒಳ್ಳೆಯದೇ.

ನಾನು ಕಾಗಿಣಾ ನದಿಯ ಹತ್ತಿರದ ಒಂದು ಊರಿನವನು. ಮೂರು ಎಕರೆ ಹೊಲ ಇದೆ, ತೊಗರಿ ಹಾಕುತ್ತೇನೆ. ಬಸ್ ಸ್ಟ್ಯಾಂಡ್ ಎದುರಿಗೆ ಸಣ್ಣ ಝೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುತ್ತೇನೆ, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತೇನೆ, ನಿಮ್ಮ ಕಾರ್ಖಾನೆಯ ಕೆಲಸಕ್ಕೆ ಹುಡುಗರು ಬರೆಸುವ ಬಯೋಡಾಟಾನೂ ನನ್ನ ಅಂಗಡಿಯಲ್ಲೇ ಪ್ರಿಂಟ್ ಆಗುತ್ತದೆ. ಕೆಲವರದು ನಾಲ್ಕೈದು ಸಲ ಆಗಿದೆ.

ಈ ಪತ್ರಕ್ಕೆ ಕಾರಣ ನಮ್ಮ ಊರಿನ ಒಬ್ಬ ಬಿಕಾಂ ಹುಡುಗಿ. ಕಾಲೇಜಿನಲ್ಲಿ ಪ್ರಾಜೆಕ್ಟ್ ಬರೆಯಲು ಹೇಳಿದ್ದರು, ವಿಷಯ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. ಅವಳು ನಿಮ್ಮ ವೆಬ್‌ಸೈಟಿನಿಂದ ವರದಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದಿದ್ದಳು. ಮುಖಪುಟದಲ್ಲಿ ಒಂದು ಹಸಿರು ಎಲೆ, ಅದರ ಮೇಲೆ ನೀರಿನ ಹನಿ. ಪ್ರಿಂಟ್ ಹಾಕುತ್ತಾ ಸುಮ್ನೆ ಕಣ್ಣಾಡಿಸುತ್ತಿದ್ದೆ. ಒಂದು ಪುಟದಲ್ಲಿ ನಮ್ಮ ಊರಿನ ಹೆಸರು ಬಂತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಓದಿದೆ. ಶುದ್ಧ ಕುಡಿಯುವ ನೀರಿನ ಘಟಕ, ಎದುರಿಗೆ ಫಲಾನುಭವಿಗಳ ಸಂಖ್ಯೆ.

ಆ ಸಂಖ್ಯೆ ಎಲ್ಲೋ ನೋಡಿದ ಹಾಗಿತ್ತು. ಅದು 2011ರ ಜನಗಣತಿಯಲ್ಲಿ ನಮ್ಮ ಊರಿನ ಜನಸಂಖ್ಯೆ. ಒಂದೂ ಕಡಿಮೆ ಇಲ್ಲ, ಒಂದೂ ಜಾಸ್ತಿ ಇಲ್ಲ. ಅದರಲ್ಲಿ ಆಗಿನ್ನೂ ತೊಟ್ಟಿಲಲ್ಲಿದ್ದ ಕೂಸುಗಳಿವೆ, ಪುಣೆ ಮುಂಬೈಗೆ ಗುಳೆ ಹೋಗಿ ಅಲ್ಲೇ ಉಳಿದವರಿದ್ದಾರೆ, ತೀರಿಕೊಂಡವರೂ ಇದ್ದಾರೆ, ನಮ್ಮಪ್ಪನನ್ನೂ ಸೇರಿಸಿ. ಎಲ್ಲರೂ ನಿಮ್ಮ ನೀರು ಕುಡಿಯುತ್ತಿದ್ದಾರೆ!

ಘಟಕ ನನ್ನ ಅಂಗಡಿಯ ಎದುರಿಗೇ ಇದೆ. ಹೋದ ಸಲದ ಯುಗಾದಿಗೆ ಮುಂಚೆಯೇ ಬೀಗ ಬಿದ್ದಿದೆ. ಈಗ ಅದರೊಳಗೆ ನಮ್ಮ ಓಣಿಯವರೊಬ್ಬರು ಜೋಳದ ಕಣಕಿ (ಒಣ ದಂಟು) ಒಟ್ಟಿದ್ದಾರೆ. ಪಾಪ, ಅವರನ್ನು ಬೈಯಲಾರೆ, ಮಳೆಗೆ ನೆನೆಯದ ಜಾಗ ಅದೊಂದೇ. ಪಂಚಾಯಿತಿ ವಾಟರ್‌ಮನ್ ಕೀಲಿ ನನಗೆ ಕೊಟ್ಟು ಹೋದವನು ಮತ್ತೆ ಕೇಳಲೇ ಇಲ್ಲ.

ಆ ಹುಡುಗಿ ಘಟಕದ ಕಡೆ ಒಮ್ಮೆ ನೋಡಿದಳು, ಪ್ರಿಂಟಾದ ಹಾಳೆ ಒಮ್ಮೆ ನೋಡಿದಳು. "ಕಾಕಾ, ವರದಿದಾಗ ಇದ್ದಿದ್ದು ಬರೀಲೋ, ಇಲ್ಲಿ ಇದ್ದಿದ್ದು ಬರೀಲೋ?" ಅಂದಳು. ಅವಳಿಗೆ ಮಾರ್ಕ್ಸ್ ಬೇಕು. ವರದಿಯಲ್ಲಿ ಇದ್ದದ್ದು ಬರಿ ತಂಗಿ ಅಂದೆ. ಆ ಮಾತು ಹೇಳಿದ ಮೇಲೆ ಎರಡು ದಿನ ನನಗೇ ಸಮಾಧಾನ ಇರಲಿಲ್ಲ. ಇಲ್ಲಿ ಇದ್ದದ್ದನ್ನು ನಾನೇ ಬರೆಯೋಣ ಅಂತ ಕೂತಿದ್ದೇನೆ.

ಘಟಕ ಯಾಕೆ ನಿಂತಿತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ನಮ್ಮ ಕಡೆ ಬಂದದ್ದೇ ನೆಲದ ಕೆಳಗಿನ ಸುಣ್ಣದ ಕಲ್ಲಿಗೆ. ಆ ಕಲ್ಲಿನ ಪದರದಿಂದಲೇ ನಮ್ಮ ಬೋರಿಗೂ ನೀರು ಬರುತ್ತದೆ. ಹಾಗಾಗಿ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಬೇಳೆ ಬೇಗ ಬೇಯುವುದಿಲ್ಲ. ತೊಗರಿ ಬೆಳೆಯುವ ಊರಲ್ಲಿ ತೊಗರಿಬೇಳೆ ಬೇಯುವುದಿಲ್ಲ ಅಂದರೆ ನಗಬೇಡಿ. ಇಂಥ ನೀರನ್ನು ನೇರವಾಗಿ ಘಟಕದ ಆರ್‌ಒ ಯಂತ್ರಕ್ಕೆ, ಅಂದರೆ ನೀರು ಶುದ್ಧ ಮಾಡುವ ಯಂತ್ರಕ್ಕೆ ಬಿಟ್ಟರೆ ಅದೇ ಪೊರೆ ಒಳಗಿನ ಮೆಂಬ್ರೇನ್ (ನೀರು ಸೋಸುವ ತೆಳು ಹಾಳೆ) ಮೇಲೂ ಕಟ್ಟುತ್ತದೆ. ಅದಕ್ಕೇ ನೀರನ್ನು ಮೊದಲು ಮೆದು ಮಾಡಬೇಕು, ಇಲ್ಲವೇ ಪೊರೆ ಕಟ್ಟದ ಹಾಗೆ ಔಷಧಿ ಬಿಡಬೇಕು. ಕಾಲಕಾಲಕ್ಕೆ ಮೆಂಬ್ರೇನ್ ತೊಳೆಯಬೇಕು, ಹಾಳಾದಾಗ ಬದಲಾಯಿಸಬೇಕು. ನಮ್ಮದಕ್ಕೆ ಇವು ಯಾವುವೂ ಆಗಲಿಲ್ಲ. ಯಂತ್ರ ಕೂರಿಸಿದ ಏಜೆನ್ಸಿಯವರು ಉದ್ಘಾಟನೆಯ ದಿನ ಪೇಡೆ ಹಂಚಿದರು, ಫೋನ್ ನಂಬರ್ ಕೊಟ್ಟರು. ಆ ನಂಬರ್ ಈಗ ಅಸ್ತಿತ್ವದಲ್ಲಿಲ್ಲ.

ಮೊದಲ ವರ್ಷ ಚೆನ್ನಾಗಿಯೇ ಇತ್ತು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್. ಆಮೇಲೆ ಧಾರೆ ಸಣ್ಣದಾಯಿತು, ಕ್ಯಾನ್ ತುಂಬಲು ಅರ್ಧ ಗಂಟೆ ಬೇಕಾಯಿತು, ಹೆಂಗಸರು ಸಾಲಿನಲ್ಲಿ ನಿಂತು ಜಗಳ ಆಡಿದರು, ಕೊನೆಗೆ ನಿಂತೇ ಹೋಯಿತು. ಈಗ ಆಟೋದಲ್ಲಿ ಕ್ಯಾನ್ ತಂದು ಮಾರುವವರಿಂದ ಇಪ್ಪತ್ತು ರೂಪಾಯಿ ಕೊಟ್ಟು ಕೊಳ್ಳುತ್ತೇವೆ. ಕೊಳ್ಳಲಾಗದವರು ಬೋರಿನ ನೀರು ಕುಡಿಯುತ್ತಾರೆ.

ನಿಮ್ಮ ಇಲ್ಲಿಯ ಕಚೇರಿಗೆ ಹೋಗಿದ್ದೆ. ಗೇಟಿನಲ್ಲಿ ಒಂದೂವರೆ ತಾಸು ಕೂರಿಸಿದರು. ಒಳಗೆ ಸಿಎಸ್‌ಆರ್ ನೋಡುವ ಸಾಹೇಬರು ಒಳ್ಳೆಯವರೇ, ಚಹಾ ಕೊಟ್ಟರು. "ಅದು ಪಂಚಾಯಿತಿಗೆ ಹಸ್ತಾಂತರ ಆಗಿದೆ, ಈಗ ನಮ್ಮದಲ್ಲ" ಅಂದರು. ಪಿಡಿಒ ಹತ್ತಿರ ಹೋದೆ. "ಬೋರ್ಡ್ ಮೇಲೆ ಯಾರ ಹೆಸರಿದೆ ನೋಡಿ, ಅವರನ್ನೇ ಕೇಳಿ" ಅಂದರು. ಸರಿ, ಹಸ್ತಾಂತರ ಆದದ್ದು ನಿಜವೇ ಇರಲಿ. ನಿಮ್ಮದಲ್ಲದ ಘಟಕ ಪ್ರತಿ ವರ್ಷ ನಿಮ್ಮ ವರದಿಯಲ್ಲಿ ಹೇಗೆ ಬರುತ್ತದೆ? ರಿಪೇರಿ ಬಂದಾಗ ಪಂಚಾಯಿತಿಯದು, ಲೆಕ್ಕ ಕೊಡುವಾಗ ನಿಮ್ಮದು. ಇದು ಯಾವ ಊರಿನ ನ್ಯಾಯ, ನೀವೇ ಹೇಳಿ.

ಝೆರಾಕ್ಸ್ ಅಂಗಡಿಯವನಿಗೆ ಕಾನೂನು ಏನು ಗೊತ್ತು ಅನ್ನಬೇಡಿ. ಹತ್ತು ವರ್ಷದಿಂದ ಜನರ ಕಾಗದ ಓದಿ ಓದಿ ಸರ್ಕಾರಿ ಭಾಷೆ ಸ್ವಲ್ಪ ತಿಳಿಯುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಿಂದಿನ ವರ್ಷ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡಿದ್ದರೂ ಸಾಕು, ಕಂಪನಿ ಅದರ ಲೆಕ್ಕಕ್ಕೆ ಬರುತ್ತದೆ. ಹಿಂದಿನ ಮೂರು ವರ್ಷದ ಲಾಭದ ಸರಾಸರಿಯಲ್ಲಿ ಕನಿಷ್ಠ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ಅಂದರೆ ಉದ್ಘಾಟನೆಗೆ ಬಂದವರು ಮೈಕಿನಲ್ಲಿ ಹೇಳುವ ಹಾಗೆ ಇದು "ಕಂಪನಿಯ ದೊಡ್ಡ ಮನಸ್ಸು" ಅಲ್ಲ. ಕರೆಂಟ್ ಬಿಲ್ ಕಟ್ಟಿ ಸನ್ಮಾನ ಮಾಡಿಸಿಕೊಳ್ಳುವವರನ್ನು ನಾನಂತೂ ನೋಡಿಲ್ಲ.

ಆ ಕಾಯ್ದೆಯಡಿಯ ಸಿಎಸ್‌ಆರ್ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಮಂಜೂರು ಮಾಡಿದ ಕೆಲಸಕ್ಕೇ ಹಣ ಬಳಕೆಯಾಗಿದೆ ಅಂತ ಕಂಪನಿಯ ಹಣಕಾಸು ಮುಖ್ಯಸ್ಥರು ಸಹಿ ಮಾಡಬೇಕು. ಮಾಡಿದ್ದಾರೆ, ವರದಿಯಲ್ಲಿದೆ. ತಪ್ಪೇನಿಲ್ಲ, ಹಣ ಬಳಕೆಯಾಗಿದೆ. ನೀರು ಬರುತ್ತಿದೆ ಅಂತ ಮಾತ್ರ ಯಾರೂ ಸಹಿ ಮಾಡಬೇಕಿಲ್ಲ.

2021ರಲ್ಲಿ ನಿಯಮ ಬಿಗಿ ಮಾಡಿದರು. ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಸಿಎಸ್‌ಆರ್ ಖರ್ಚು ಮಾಡಬೇಕಾದ ದೊಡ್ಡ ಕಂಪನಿಗಳು, 1 ಕೋಟಿ ಅಥವಾ ಅದಕ್ಕಿಂತ ದೊಡ್ಡ ಕೆಲಸಗಳಿಂದ ನಿಜವಾಗಿ ಏನು ಉಪಯೋಗ ಆಯಿತು ಅಂತ ಹೊರಗಿನ ಸಂಸ್ಥೆಯಿಂದ ಪರೀಕ್ಷೆ ಮಾಡಿಸಬೇಕು. ಒಳ್ಳೆಯ ನಿಯಮ. ಆದರೆ ನಮ್ಮ ಘಟಕ ಕೆಲವು ಲಕ್ಷದ್ದು. ಕೋಟಿ ಮುಟ್ಟುವುದಿಲ್ಲ. ಹಾಗಾಗಿ ಯಾರೂ ಬಂದು ನೋಡಬೇಕಿಲ್ಲ. ಹಳ್ಳಿಯಲ್ಲಿ ಆಗುವ ಕೆಲಸ ಮುಕ್ಕಾಲು ಪಾಲು ಇಂಥವೇ ಅಲ್ವಾ? ಒಂದು ಬೋರು, ಒಂದು ಘಟಕ, ಎರಡು ಕೋಣೆ, ಹತ್ತು ಹೊಲಿಗೆ ಯಂತ್ರ.

ಇನ್ನು ಗಿಡ ನೆಟ್ಟ ಲೆಕ್ಕ. ವರದಿಯಲ್ಲಿ ಪರಿಸರ ಅನ್ನುವ ತಲೆಬರಹದ ಕೆಳಗೆ ಗಿಡಗಳ ಫೋಟೋ ಹಾಕಿದ್ದೀರಿ. ಹಿಂದೆ ಕಾಣುವ ಗೋಡೆ ನಿಮ್ಮ ಕಾರ್ಖಾನೆಯದು, ನನಗೆ ಗುರುತು ಸಿಗುತ್ತದೆ. ಕಾರ್ಖಾನೆಗೆ ಪರಿಸರ ಅನುಮತಿ ಕೊಡುವಾಗಲೇ ಸುತ್ತ ಹಸಿರು ಪಟ್ಟಿ ಬೆಳೆಸಬೇಕು ಅಂತ ಷರತ್ತು ಹಾಕಿರುತ್ತಾರೆ, ಹಿಂದಿನ ಅನುಮತಿಗಳಲ್ಲಿ ಸಾಮಾನ್ಯವಾಗಿ ಜಾಗದ ಶೇ 33 ಇರುತ್ತಿತ್ತು. ಬೇರೆ ಕಾನೂನಿನ ಪ್ರಕಾರ ಹೇಗೂ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ ಅಂತ ಸಿಎಸ್‌ಆರ್ ನಿಯಮವೇ ಹೇಳುತ್ತದೆ. ಹಾಗಾದರೆ ಆ ಗಿಡಗಳು ಯಾವ ಲೆಕ್ಕದವು? ಷರತ್ತಿನವೋ, ಸೇವೆಯವೋ? ಒಂದೇ ಬೇವಿನ ಗಿಡವನ್ನು ಎರಡು ಪುಸ್ತಕದಲ್ಲಿ ಬರೆದಿಲ್ಲ ಅಂತ ನೀವು ಹೇಳಿದರೆ ನಂಬುತ್ತೇನೆ. ಆದರೆ ಹೇಳಿ.

ಈಗ ಧೂಳಿನ ಮಾತು. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ, ಕ್ಷಮಿಸಿ.

ನಮ್ಮ ಕಡೆ ಎಳ್ಳಮಾವಾಸ್ಯೆ ಅಂದರೆ ಗೊತ್ತಿರಬೇಕು, ನಿಮ್ಮ ಕಾರ್ಖಾನೆಯ ಅರ್ಧ ಜನ ಅವತ್ತು ರಜೆ ಹಾಕುತ್ತಾರೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಣ್ಣುವ ಹಬ್ಬ. ಸಣ್ಣವನಿದ್ದಾಗ ಊಟ ಆದ ಮೇಲೆ ಕಡಲೆ ಹೊಲಕ್ಕೆ ನುಗ್ಗಿ ಸುಲಗಾಯಿ ಕಿತ್ತು ಹಾಗೇ ತಿನ್ನುತ್ತಿದ್ದೆವು. ಈ ಸಲ ನನ್ನ ಮಗ ಒಂದು ಗಿಡ ಕಿತ್ತುಕೊಂಡು ಬಂದ. ನಮ್ಮವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಧೂಳು ಬೆಳಗಿನ ಇಬ್ಬನಿಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಎಲೆಗೆ ಅಂಟಿಕೊಂಡಿತ್ತು. ಅಂಟಿಕೊಳ್ಳುವುದೇ ಅದರ ಗುಣ, ಅದಕ್ಕಲ್ಲವೇ ನೀವು ಅದನ್ನು ಚೀಲಕ್ಕಿಷ್ಟು ಅಂತ ಮಾರುವುದು. ಕ್ಯಾನಿನಿಂದ ಎರಡು ಲೋಟ ನೀರು ಸುರಿದು ತೊಳೆದು ಕೊಟ್ಟಳು. ಇಪ್ಪತ್ತು ರೂಪಾಯಿ ಕ್ಯಾನಿನ ನೀರು.

ಎಲ್ಲ ಪಾಪವನ್ನೂ ನಿಮ್ಮ ಚಿಮಣಿಯ ಮೇಲೆ ಹೊರಿಸುವುದಿಲ್ಲ. ತೊಗರಿಗೆ ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದ ವರ್ಷಗಳಿವೆ, ಅದಕ್ಕೂ ನಿಮಗೂ ಸಂಬಂಧ ಇಲ್ಲ. ಆದರೆ ತೊಗರಿ ಹೂ ಬಿಡುವ ಹೊತ್ತಿಗೆ ರಸ್ತೆ ಬದಿಯ ಹೊಲದಲ್ಲಿ ಹಳದಿ ಹೂವು ಬೂದಿ ಬಣ್ಣಕ್ಕೆ ತಿರುಗಿರುವುದು ನೆಟೆ ರೋಗದಿಂದ ಅಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿತು, ಈ ಮಣ್ಣಿನ ಗುಣ ಬೇಳೆಯ ರುಚಿಯಲ್ಲಿದೆ ಅಂತ. ಆ ಮಣ್ಣಿನ ಮೇಲೆ ಏನು ಬೀಳುತ್ತಿದೆ ಅನ್ನುವುದನ್ನೂ ಯಾರಾದರೂ ನೋಡಬೇಕಲ್ಲ.

ರಾತ್ರಿ ಹೊತ್ತು ಧೂಳು ಹಿಡಿಯುವ ಯಂತ್ರ ಬಂದ್ ಮಾಡುತ್ತಾರೆ ಅಂತ ಊರಲ್ಲಿ ಮಾತಿದೆ. ನಾನು ಒಳಗೆ ಬಂದು ನೋಡಿಲ್ಲ, ಹಾಗಾಗಿ ಆರೋಪ ಮಾಡುವುದಿಲ್ಲ. ಕಣ್ಣಾರೆ ಕಂಡದ್ದು ಇಷ್ಟು. ತಾಡಪತ್ರಿ ಹಾಕದೆ ಲಾರಿಗಳು ಊರ ನಡುವೆ ಓಡುತ್ತವೆ. ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಅಧಿಕಾರಿಗಳು ಬರುವ ಹಿಂದಿನ ದಿನ ಮೂರು ಸಲ ಬರುತ್ತದೆ, ಅವರು ಹೋದ ಮೇಲೆ ವಾರಕ್ಕೊಮ್ಮೆ ಬಂದರೆ ಹೆಚ್ಚು. ಟ್ಯಾಂಕರ್ ಕಂಡರೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತವರು ನಾಳೆ ಸಾಹೇಬರು ಬರ್ತಾರೆ ಅಂತಾರೆ. ಒಮ್ಮೆಯೂ ತಪ್ಪಿಲ್ಲ.

ಗೇಟಿನ ಮುಂದೆ ದೊಡ್ಡ ಡಿಜಿಟಲ್ ಬೋರ್ಡ್ ಇದೆ, ಗಾಳಿಯಲ್ಲಿ ಧೂಳು ಎಷ್ಟು ಅಂತ ಅಂಕಿ ಓಡುತ್ತದೆ. ಪಿಎಂ10 ಅನ್ನುವ ಸಣ್ಣ ಧೂಳಿಗೆ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ. ನಿಮ್ಮ ಬೋರ್ಡ್ ಯಾವಾಗಲೂ ಅದರೊಳಗೇ ತೋರಿಸುತ್ತದೆ. ತೋರಿಸಲಿ. ಗಾಳಿ ಗೇಟಿನಿಂದ ನಮ್ಮ ಊರ ಕಡೆ ಬೀಸುತ್ತದೆ, ಅಳತೆ ಮಾತ್ರ ಗೇಟಿನಲ್ಲೇ ನಿಲ್ಲುತ್ತದೆ.

ಆರೋಗ್ಯ ಶಿಬಿರ ಮಾಡುತ್ತೀರಿ, ವರ್ಷಕ್ಕೆ ಎರಡು. ಬಿಪಿ ನೋಡುತ್ತೀರಿ, ಶುಗರ್ ನೋಡುತ್ತೀರಿ, ಕಣ್ಣು ನೋಡಿ ಕನ್ನಡಕ ಕೊಡುತ್ತೀರಿ. ನಮ್ಮವ್ವನ ಕನ್ನಡಕ ನಿಮ್ಮದೇ, ಪುಣ್ಯ ಬರಲಿ. ಆದರೆ ಇಷ್ಟು ವರ್ಷದಲ್ಲಿ ಒಂದು ಶಿಬಿರದಲ್ಲೂ ಊದಿಸಿ ನೋಡುವ ಶ್ವಾಸಕೋಶದ ಪರೀಕ್ಷೆ ಇರಲಿಲ್ಲ. ಸಿಮೆಂಟ್ ಕಾರ್ಖಾನೆ ನಡೆಸುವ ಶಿಬಿರ, ಸಿಮೆಂಟ್ ಧೂಳಿನ ಊರು, ಎದೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಮರೆತಿರೋ, ಬೇಕಂತಲೇ ಬಿಟ್ಟಿರೋ?

ಒಳ್ಳೆಯದನ್ನೂ ಹೇಳಬೇಕು. ಶಾಲೆಗೆ ಕಾಂಪೌಂಡ್, ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದ್ದೀರಿ, ಗಟ್ಟಿಯಾಗಿವೆ. 2020ರ ಅಕ್ಟೋಬರ್‌ನಲ್ಲಿ ಕಾಗಿಣಾ ಉಕ್ಕಿ ಹರಿದಾಗ ನಿಮ್ಮ ಹುಡುಗರು ಮೊಣಕಾಲು ನೀರಿನಲ್ಲಿ ಊಟದ ಪೊಟ್ಟಣ ತಂದರು. ಅವತ್ತು ಯಾರೂ ಫೋಟೋ ತೆಗೆಯಲಿಲ್ಲ. ಅದಕ್ಕೇ ಏನೋ ಜನ ಇವತ್ತಿಗೂ ನೆನೆಸುತ್ತಾರೆ.

ಕೆಲಸದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಎರಡು ಎಕರೆ ನಿಮ್ಮ ಗಣಿಗೆ ಹೋಯಿತು. ಮನೆಗೊಂದು ನೌಕರಿ ಅಂದರು. ನನ್ನ ತಮ್ಮ ಐಟಿಐ ಫಿಟ್ಟರ್ ಓದಿದ್ದಾನೆ, ಗುತ್ತೇದಾರನ ಕೈಕೆಳಗೆ ಚೀಲ ಲೋಡ್ ಮಾಡುತ್ತಾನೆ. ಅತ್ತ ನಿಮ್ಮ ಸಿಎಸ್‌ಆರ್‌ನಲ್ಲಿ ಯುವಕರಿಗೆ ಕೌಶಲ ತರಬೇತಿ ಅಂತ ಮೊಬೈಲ್ ರಿಪೇರಿ ಕಲಿಸುತ್ತೀರಿ. ಕೌಶಲ ಇದ್ದವರು ಚೀಲ ಹೊರುತ್ತಿದ್ದಾರೆ ಸ್ವಾಮಿ, ಅವರನ್ನು ಮೊದಲು ನೋಡಿ. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಶೇ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅವರಲ್ಲಿ ಸುತ್ತಲಿನ ಊರಿನವರು ಎಷ್ಟು ಜನ ಅಂತ ಒಂದು ಪಟ್ಟಿ ಪಂಚಾಯಿತಿ ಗೋಡೆಗೆ ಅಂಟಿಸಿ, ಸಾಕು.

"ನಾವು ಗಣಿ ರಾಯಧನದ ಮೇಲೆ ಜಿಲ್ಲಾ ಖನಿಜ ನಿಧಿಗೂ (ಗಣಿಯಿಂದ ತೊಂದರೆಯಾದ ಊರುಗಳಿಗಾಗಿ ಇರುವ ನಿಧಿ) ಕಟ್ಟುತ್ತೇವೆ, ಅಲ್ಲಿ ಕೇಳಿ" ಅಂತ ನಿಮ್ಮವರು ಹೇಳುತ್ತಾರೆ. ನಿಜ, 2015ರಿಂದ ಕಟ್ಟುತ್ತಿದ್ದೀರಿ. ಆ ದುಡ್ಡಿನ ಬಗ್ಗೆ ಜಿಲ್ಲಾಡಳಿತಕ್ಕೆ ಬೇರೆ ಪತ್ರ ಬರೆಯುತ್ತೇನೆ. ಒಂದು ಸಾಲ ತೀರಿಸಿದ್ದೇನೆ ಅಂತ ಇನ್ನೊಂದನ್ನು ತಳ್ಳಿಹಾಕಬೇಡಿ.

ಹೋದ ವರ್ಷದ ಒಂದು ಸಮಾರಂಭದಲ್ಲಿ ನಿಮ್ಮ ದೊಡ್ಡ ಅಧಿಕಾರಿಯೊಬ್ಬರು "ಇದು ನಮ್ಮ ಕಂಪನಿಯ ದಾಸೋಹ" ಅಂದರು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಇದು ಮಹಾದಾಸೋಹಿ ಶರಣಬಸವೇಶ್ವರರ ಜಿಲ್ಲೆ, ಇಲ್ಲಿ ಆ ಪದಕ್ಕೆ ತೂಕ ಇದೆ. ಶರಣರು ಮೊದಲು ಕಾಯಕ ಅಂದರು, ಆಮೇಲೆ ದಾಸೋಹ. ಶುದ್ಧ ಕಾಯಕದಿಂದ ಬಂದದ್ದನ್ನು ಮಾತ್ರ ದಾಸೋಹಕ್ಕೆ ಕೊಡಬೇಕು. ನಿಮ್ಮ ಕಾಯಕ ಸಿಮೆಂಟ್ ಮಾಡುವುದು, ಅದರಲ್ಲಿ ತಪ್ಪೇನಿಲ್ಲ, ನನ್ನ ಮನೆಗೂ ಅದೇ ಸಿಮೆಂಟ್. ಒಂದು ಟನ್ ಸುಣ್ಣದ ಕಲ್ಲು ಸುಟ್ಟರೆ ಆ ಕಲ್ಲಿನಿಂದಲೇ 400 ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅದನ್ನು ಪೂರ್ತಿ ತಪ್ಪಿಸುವುದು ಸುಲಭ ಅಲ್ಲ ಅಂತಲೂ ಗೊತ್ತು. ಆದರೆ ಲಾರಿಗೆ ತಾಡಪತ್ರಿ ಕಟ್ಟುವುದು ಸುಲಭ. ಟ್ಯಾಂಕರ್ ದಿನಾ ಕಳಿಸುವುದು ಸುಲಭ. ಇವು ಕಾಯಕದ ಭಾಗ. ಇವನ್ನು ಬಿಟ್ಟು ಶೇ 2ರಲ್ಲಿ ಕನ್ನಡಕ ಕೊಟ್ಟರೆ ಉಳಿದ 98ರ ಬಗ್ಗೆ ಜನ ಕೇಳುತ್ತಾರೆ.

ಕಾರ್ಖಾನೆ ವಿಸ್ತರಣೆ ಮಾಡುತ್ತೀರಿ ಅನ್ನುವ ಸುದ್ದಿ ಇದೆ. ಹಾಗಾದರೆ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಆಗಬೇಕು, 30 ದಿನ ಮುಂಚೆ ನೋಟಿಸ್ ಕೊಡಬೇಕು, ಪರಿಸರ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಹೋದ ಸಲದ ಸಭೆ ನೆನಪಿದೆ. ಶಾಮಿಯಾನ, ಕೂಲರ್, ಪುಲಾವ್. ಮುಂದಿನ ಸಾಲುಗಳಲ್ಲಿ ಗುತ್ತಿಗೆ ಕೆಲಸಗಾರರು, ಒಬ್ಬೊಬ್ಬರಾಗಿ ಎದ್ದು ಕಂಪನಿಯಿಂದ ಊರು ಉದ್ಧಾರ ಆಯಿತು ಅಂತ ಒಂದೇ ಮಾತು ಹೇಳಿದರು. ಅವರಲ್ಲಿ ನನ್ನ ತಮ್ಮನೂ ಇದ್ದ. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಇಬ್ಬರೂ ಮಾತಾಡಲಿಲ್ಲ. ನನಗೆ ಮಾತಾಡಲು ಎರಡು ನಿಮಿಷ ಕೊಟ್ಟು ಉಳಿದದ್ದು ಬರೆದು ಕೊಡಿ ಅಂದರು. ಬರೆದು ಕೊಟ್ಟೆ. ಸೀಲ್ ಹಾಕಿದ ಪ್ರತಿ ನನ್ನ ಹತ್ತಿರ ಇದೆ, ಉತ್ತರ ಇಲ್ಲ.

ಹಾಗಾಗಿ ಈ ಸಲ ಎಲ್ಲರ ಮುಂದೆ ಕೇಳುತ್ತಿದ್ದೇನೆ. ಘಟಕ ಶುರು ಮಾಡಿ, ಶುರು ಮಾಡುವ ಮುಂಚೆ ಇಲ್ಲಿಯ ನೀರು ಪರೀಕ್ಷೆ ಮಾಡಿಸಿ, ನಿರ್ವಹಣೆಗೆ ಐದು ವರ್ಷದ ಕರಾರು ಮಾಡಿ ಅದರ ಪ್ರತಿ ಘಟಕದ ಬಾಗಿಲಿಗೇ ಅಂಟಿಸಿ. ಅದು ಆಗುವ ತನಕ ಫಲಾನುಭವಿಗಳ ಪಟ್ಟಿಯಿಂದ ನಮ್ಮ ಊರನ್ನು ತೆಗೆಯಿರಿ. ಧೂಳು ಅಳೆಯುವ ಒಂದು ಯಂತ್ರವನ್ನು ಊರೊಳಗೆ, ಶಾಲೆಯ ಮಾಳಿಗೆ ಮೇಲೆ ಇಡಿ. ಮುಂದಿನ ಶಿಬಿರದಲ್ಲಿ ಎದೆ ಪರೀಕ್ಷೆ ಇರಲಿ, ಮೊದಲು ಲೋಡಿಂಗ್ ಹುಡುಗರಿಗೆ. ಪರಿಸರ ಅನುಮತಿಯ ಷರತ್ತು ಪಾಲಿಸಿದ್ದೇವೆ ಅಂತ ಆರು ತಿಂಗಳಿಗೊಮ್ಮೆ ನೀವು ಕೊಡುವ ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯಲ್ಲಿ ಓದಿಸಿ. ಪ್ರಶ್ನೆ ಕೇಳಿದವರ ಮನೆಯ ಹುಡುಗನ ಗೇಟ್‌ಪಾಸ್ ಮಾರನೇ ದಿನ ರದ್ದಾಗಬಾರದು. ಯಾಕೆ ಇದನ್ನು ಬರೆದೆ ಅಂತ ನಿಮ್ಮ ಇಲ್ಲಿಯವರಿಗೆ ಗೊತ್ತು.

ನೀವೇ ಬರಬೇಕು ಅಂತ ಹಟ ಇಲ್ಲ. ಯಾರನ್ನಾದರೂ ಕಳಿಸಿ, ಆದರೆ ಮೆಂಬ್ರೇನ್ ಅಂದರೆ ಏನು ಅಂತ ಗೊತ್ತಿರುವವರನ್ನು ಕಳಿಸಿ. ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆಗೆಯುತ್ತೇನೆ. ಘಟಕದ ಕೀಲಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ತೂಗುಹಾಕಿದೆ. ಒಂದು ದಿನ ಮುಂಚೆ ತಿಳಿಸಿದರೆ ಕಣಕಿ ತೆಗೆಸಿಡುತ್ತೇನೆ.

ಇಂತಿ,
ನಿಮ್ಮ ವರದಿಯ ಫಲಾನುಭವಿಗಳಲ್ಲಿ ಒಬ್ಬ